ಅರ್ಧ ದರದ ಕೊಟೇಶನ್‌ನಲ್ಲಿ ಯಾವುದು ಅರ್ಧ?

ಪ್ರಶ್ನೆ: ಮನೆ ಮುಂದೆ ಕಾರು ನಿಲ್ಲಿಸುವ ಜಾಗಕ್ಕೆ ಮೂರು ವರ್ಷದ ಹಿಂದೆ ಇಂಟರ್‌ಲಾಕ್ ಬ್ಲಾಕ್ ಹಾಕಿಸಿದ್ದೆವು. ಈಗ ಚಕ್ರ ಓಡಾಡುವ ಎರಡೂ ಸಾಲು ತಗ್ಗಾಗಿದೆ, ನೀರು ನಿಲ್ಲುತ್ತದೆ. ಅಂಚಿನ ಬ್ಲಾಕ್‌ಗಳು ಹೊರಗೆ ಸರಿದಿವೆ. ಹಿತ್ತಲು ಖಾಲಿ ಇದೆ. ಅಲ್ಲೊಂದು ದೊಡ್ಡ ಮರ, ಜೇಡಿಮಣ್ಣು, ನೆಲ ಸ್ವಲ್ಪ ಮನೆಯ ಕಡೆಗೇ ಇಳಿದಿದೆ. ಮುಂದಿನದನ್ನು ಹೊಸದಾಗಿ ಹಾಕಿಸಿ, ಹಿಂದೆ ಕೂರಲು ಕಲ್ಲು ಹಾಸಿದ ಜಾಗ, ಕಾಲುದಾರಿ, ಹುಲ್ಲು, ಗಿಡ ಎಲ್ಲ ಮಾಡಿಸಬೇಕೆಂದಿದ್ದೇವೆ. ಇಬ್ಬರು ಕಂಟ್ರಾಕ್ಟರ್‌ಗಳು ಕೊಟೇಶನ್ ಕೊಟ್ಟಿದ್ದಾರೆ. ಒಬ್ಬರ ದರ ಇನ್ನೊಬ್ಬರದ್ದರ ಸುಮಾರು ಅರ್ಧ. ಬ್ಲಾಕ್ ಎರಡರಲ್ಲೂ ಒಂದೇ. ಕಡಿಮೆ ದರದವರಿಗೆ ಕೊಟ್ಟರೆ ತಪ್ಪೇನು? ಕೆಲವು ಭಾಗ ನಾವೇ ಮಾಡಿಕೊಳ್ಳಬಹುದೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಒಂದು ಪುಟ್ಟ ವಾಕ್ಯ. ಬ್ಲಾಕ್ ಎರಡರಲ್ಲೂ ಒಂದೇ ಎಂದಿದ್ದೀರಿ. ಹಾಗಿದ್ದರೆ ದರ ಅರ್ಧಕ್ಕೆ ಇಳಿದದ್ದು ಎಲ್ಲಿ? ಕೂಲಿಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರಬಹುದು, ಲಾಭದಲ್ಲಿ ಇನ್ನಷ್ಟು. ಅಷ್ಟಕ್ಕೇ ಅರ್ಧ ಆಗುವುದಿಲ್ಲ. ಉಳಿದ ವ್ಯತ್ಯಾಸ ಬ್ಲಾಕಿನ ಕೆಳಗಿದೆ. ಒಬ್ಬರು ಅಲ್ಲಿ ಏನೋ ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ.

ಹಳೆಯ ಕೆಲಸವನ್ನೇ ನೋಡಿ. ಬ್ಲಾಕ್ ಒಡೆದಿದೆ ಎಂದು ನೀವು ಬರೆದಿಲ್ಲ. ತಗ್ಗಾಗಿದೆ, ಸರಿದಿದೆ ಎಂದು ಬರೆದಿದ್ದೀರಿ. ನಾನು ನೋಡಿದ ಹಾಳಾದ ಅಂಗಳಗಳಲ್ಲಿ ಹೆಚ್ಚಿನವು ಹೀಗೇ. ಮೇಲಿನ ಕಲ್ಲು ಗಟ್ಟಿಯಾಗೇ ಇರುತ್ತದೆ. ಕೈಕೊಡುವುದು ಕೆಳಗಿನ ನೆಲ.

ಇದು ತುಂಬಾ ಹಳೆಯ ಪಾಠ. ಸ್ಕಾಟ್ಲೆಂಡಿನ ರಸ್ತೆ ನಿರ್ಮಾಪಕ ಜಾನ್ ಲೌಡನ್ ಮ್ಯಾಕ್‌ಆಡಂ (1756-1836) ಇನ್ನೂರು ವರ್ಷದ ಹಿಂದೆಯೇ ಇದನ್ನು ಹಿಡಿದಿದ್ದ. ಗಾಡಿಯ ಭಾರ ಕೊನೆಗೂ ಹೊರುವುದು ತಳದ ಮಣ್ಣು, ಅದನ್ನು ಒಣದಾಗಿ ಇಟ್ಟರೆ ಸಾಕು ಎಂಬುದು ಅವನ ವಾದ. ಅದರ ಮೇಲೆ ಹರಡುವ ಕಲ್ಲು ಸಣ್ಣದಿರಬೇಕು, ಮೂಲೆ ಮೂಲೆಯಾಗಿ ಒಡೆದದ್ದಿರಬೇಕು. ಅಂಥ ಕಲ್ಲು ಒತ್ತಿದಷ್ಟೂ ಒಂದನ್ನೊಂದು ಕಚ್ಚಿಕೊಳ್ಳುತ್ತದೆ. ಇವತ್ತಿನ ಮನೆಯಂಗಳದ ಲೆಕ್ಕವೂ ಇಷ್ಟೇ. ಯಂತ್ರಗಳು ಬದಲಾಗಿವೆ, ಮಣ್ಣಿನ ಗುಣ ಹಾಗೇ ಇದೆ.

ಯಾರಿಗೂ ಮುಂಗಡ ಕೊಡುವ ಮೊದಲು ಒಂದು ಕೆಲಸ ಮಾಡಿ. ತಗ್ಗಾದ ಕಡೆ ಎರಡು ದಪ್ಪ ಸ್ಕ್ರೂಡ್ರೈವರ್ ಹಿಡಿದು ಒಂದು ಬ್ಲಾಕನ್ನು ಎಬ್ಬಿಸಿ. ಮೊದಲನೆಯದು ಬರುವಾಗ ಕಷ್ಟ, ಆಮೇಲೆ ಸುಲಭ. ಹತ್ತು ಹನ್ನೆರಡು ಬ್ಲಾಕ್ ತೆಗೆದು ಅಲ್ಲಿ ಒಂದು ಅಡಿ ಅಗೆಯಿರಿ. ಬ್ಲಾಕಿನ ಕೆಳಗೆ ಮರಳು ಎಷ್ಟು ದಪ್ಪ ಇದೆ? ಮೂರು ನಾಲ್ಕು ಇಂಚು ಇದ್ದರೆ ಜಲ್ಲಿ ಉಳಿಸಲು ಮರಳಿನಲ್ಲೇ ಮಟ್ಟ ಮಾಡಿದ್ದಾರೆ ಎಂದರ್ಥ. ಮರಳಿನ ಕೆಳಗೆ ನೇರವಾಗಿ ಮಣ್ಣು ಸಿಕ್ಕಿದರೆ ತಳಪಾಯವೇ ಇಲ್ಲ. ಜಲ್ಲಿ ಇದೆ, ಆದರೆ ಕೆಸರಿನಲ್ಲಿ ಮುಳುಗಿ ಕಲೆಸಿಹೋಗಿದೆ ಎಂದಾದರೆ ಜೇಡಿಮಣ್ಣು ಒದ್ದೆಯಾಗಿ ಮೇಲೆ ಏರಿದೆ. ನಿಮ್ಮ ಮಣ್ಣಿಗೆ ಈ ಮೂರನೆಯದೇ ಇರಬಹುದು ಎಂದು ನನ್ನ ಊಹೆ.

ಇಲ್ಲೇ ಒಂದು ಒಳ್ಳೆಯ ಸುದ್ದಿಯೂ ಇದೆ. ಎಬ್ಬಿಸಿದ ಬ್ಲಾಕನ್ನು ಅಳೆಯಿರಿ. 80 ಮಿ.ಮೀ. ದಪ್ಪ ಇದ್ದು, ಮೂಲೆ ಉದುರದೆ ಇದ್ದರೆ ಅದನ್ನೇ ಮತ್ತೆ ಹಾಕಬಹುದು. ಇಂಟರ್‌ಲಾಕ್ ಬ್ಲಾಕಿನ ದೊಡ್ಡ ಗುಣವೇ ಅದು, ಬಿಚ್ಚಿ ಮತ್ತೆ ಜೋಡಿಸಬಹುದು. 60 ಮಿ.ಮೀ. ಇದ್ದರೆ ಕಾರಿನ ಜಾಗಕ್ಕೆ ನಾನು ಒಪ್ಪುವುದಿಲ್ಲ, ಆದರೆ ಹಿತ್ತಲಿನ ಕಾಲುದಾರಿಗೆ ಧಾರಾಳ ಸಾಕು. ಹೊಸ ಬ್ಲಾಕಿಗೆ ಹೋಗುವ ಹಣವನ್ನು ತಳಕ್ಕೆ ಹಾಕಿ. ಇದನ್ನು ಇಬ್ಬರು ಕಂಟ್ರಾಕ್ಟರ್‌ಗಳೂ ನಿಮಗೆ ಹೇಳಿಲ್ಲ ಅನ್ನಿಸುತ್ತದೆ. ಹೇಳುವ ಆಸೆ ಅವರಿಗೆ ಯಾಕಿರುತ್ತದೆ, ಅಲ್ವಾ?

ಈಗ ತಳದ ಲೆಕ್ಕ. ಜೇಡಿಮಣ್ಣಿನ ಮೇಲೆ ಕಾರು ನಿಲ್ಲಬೇಕಾದರೆ 200 ಮಿ.ಮೀ. ಜಲ್ಲಿಯ ತಳ, 30 ಮಿ.ಮೀ. ಮರಳು, 80 ಮಿ.ಮೀ. ಬ್ಲಾಕ್. ಒಟ್ಟು 310 ಮಿ.ಮೀ., ಅಂದರೆ ಸುಮಾರು ಒಂದು ಅಡಿ ಅಗೆಯಬೇಕು. ನಿಮ್ಮ ಜಾಗ 40 ಚದರ ಮೀಟರ್ ಇದೆ ಎಂದುಕೊಳ್ಳೋಣ. 12 ಘನ ಮೀಟರಿಗಿಂತ ಜಾಸ್ತಿ ಮಣ್ಣು ಹೊರಗೆ ಬರುತ್ತದೆ. ಅಗೆದ ಮಣ್ಣು ಸಡಿಲಾಗಿ ಕಾಲು ಭಾಗದಷ್ಟು ಉಬ್ಬುತ್ತದೆ, ಹಾಗಾಗಿ ಸಾಗಿಸುವಾಗ ಅದು 15 ಘನ ಮೀಟರಿಗಿಂತ ಜಾಸ್ತಿ. ಅದರ ಜಾಗಕ್ಕೆ 8 ಘನ ಮೀಟರ್ ಜಲ್ಲಿ ಬರಬೇಕು. ಅದೂ ದಮ್ಮಸು ಹೊಡೆದ ಮೇಲಿನ ಅಳತೆ, ತರಿಸುವಾಗ ಇನ್ನೂ ಜಾಸ್ತಿ ಬೇಕು. ಇಷ್ಟು ಅಗೆತ, ಇಷ್ಟು ಸಾಗಣೆ, ಇಷ್ಟು ಜಲ್ಲಿ. ನಿಮ್ಮ ಕಾಣೆಯಾದ ಅರ್ಧ ಇದೇ. ‘ನೆಲ ಮಟ್ಟ ಮಾಡಿ ಬ್ಲಾಕ್ ಹಾಕುವುದು’ ಎಂಬ ಒಂದು ಸಾಲು ಕಡಿಮೆ ದರದ ಕೊಟೇಶನ್‌ನಲ್ಲಿ ಇದೆಯಾ ನೋಡಿ. ಇದ್ದೇ ಇರುತ್ತದೆ.

ಜಲ್ಲಿ ಎಂದರೆ ಒಂದೇ ಅಳತೆಯದ್ದು ಬೇಡ. ದೊಡ್ಡ ಕಲ್ಲು, ಸಣ್ಣ ಕಲ್ಲು, ಪುಡಿ ಎಲ್ಲ ಸೇರಿದ ಮಿಶ್ರಣ ಬೇಕು. ದೊಡ್ಡದರ ಸಂದಿಗೆ ಸಣ್ಣದು, ಸಣ್ಣದರ ಸಂದಿಗೆ ಪುಡಿ ಕೂತಾಗ ಅದು ಅಲುಗಾಡುವುದಿಲ್ಲ. ನದಿಯ ನುಣುಪು ಕಲ್ಲು ನೋಡಲು ಚಂದ, ತಳಕ್ಕೆ ಪ್ರಯೋಜನವಿಲ್ಲ. ಗೋಲಿಗಳ ಮೇಲೆ ನಿಂತ ಹಾಗಾಗುತ್ತದೆ. ಜೇಡಿಮಣ್ಣು ಮತ್ತು ಜಲ್ಲಿಯ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಲೇಬೇಕು. ನೀರು ಇಳಿಯಲು ಬಿಡುತ್ತದೆ, ಕೆಸರು ಮೇಲೆ ಬರಲು ಬಿಡುವುದಿಲ್ಲ. ಇಡೀ ಕೆಲಸದಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಲಾಭ ಕೊಡುವ ವಸ್ತು ಇನ್ನೊಂದಿಲ್ಲ. ಆದರೂ ಜಾಸ್ತಿ ಜನ ಬಿಟ್ಟುಬಿಡುತ್ತಾರೆ.

200 ಮಿ.ಮೀ. ಜಲ್ಲಿಯನ್ನು ಒಂದೇ ಸಲ ಸುರಿದು ಮೇಲೆ ಯಂತ್ರ ಓಡಿಸಿದರೆ ಮೇಲಿನ ಮೂರು ಇಂಚು ಗಟ್ಟಿಯಾಗುತ್ತದೆ, ಕೆಳಗಿನದು ಸಡಿಲವಾಗೇ ಉಳಿಯುತ್ತದೆ. 75ರಿಂದ 100 ಮಿ.ಮೀ. ಪದರ ಹಾಕಿ, ಪ್ಲೇಟ್ ಕಂಪ್ಯಾಕ್ಟರ್ (ನೆಲ ಬಡಿದು ಗಟ್ಟಿ ಮಾಡುವ ಯಂತ್ರ) ನಾಲ್ಕಾರು ಸಲ ಓಡಿಸಿ, ಆಮೇಲೆ ಮುಂದಿನ ಪದರ. ಇಲ್ಲಿ ನೀರಿನ ಪಾತ್ರ ದೊಡ್ಡದು. 1933ರಲ್ಲಿ ಅಮೆರಿಕದ ಎಂಜಿನಿಯರ್ ರಾಲ್ಫ್ ಪ್ರಾಕ್ಟರ್ ಇದನ್ನು ಅಳೆದು ತೋರಿಸಿದರು. ಪ್ರತಿ ಮಣ್ಣಿಗೂ ಒಂದು ಹದದ ತೇವ ಇರುತ್ತದೆ, ಆ ಹದದಲ್ಲಿ ಒತ್ತಿದರೆ ಮಾತ್ರ ಅದು ಅತಿ ಹೆಚ್ಚು ಬಿಗಿಯಾಗುತ್ತದೆ. ಒಣಗಿದ್ದರೆ ಕಣಗಳು ಜಾರಿ ಜಾಗಕ್ಕೆ ಕೂರುವುದಿಲ್ಲ. ನೀರು ಜಾಸ್ತಿಯಾದರೆ ಸಂದಿಯಲ್ಲಿ ನೀರೇ ಕೂತುಬಿಡುತ್ತದೆ. ಅಂಗಳದಲ್ಲಿ ಪ್ರಯೋಗಾಲಯ ಬೇಕಿಲ್ಲ. ಪುಡಿ ಸೇರಿದ ಜಲ್ಲಿಯನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ. ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಒಸರಬಾರದು. ತಳದ ಜೇಡಿಮಣ್ಣಂತೂ ಒದ್ದೆ ಇದ್ದಾಗ ಯಂತ್ರ ಹತ್ತಿಸಲೇಬಾರದು. ಹಿಟ್ಟು ಕಲೆಸಿದ ಹಾಗೆ ಆಗುತ್ತದೆ, ಅಷ್ಟೇ. ಮಳೆ ಬಂದರೆ ಒಣಗುವ ತನಕ ಕೆಲಸ ನಿಲ್ಲಿಸುವ ಕಂಟ್ರಾಕ್ಟರ್ ನಿಮಗೆ ಸಿಕ್ಕರೆ ಬಿಡಬೇಡಿ.

ಜಲ್ಲಿಯ ಮೇಲೆ ದಪ್ಪ ಕಣದ ಮರಳು 25ರಿಂದ 30 ಮಿ.ಮೀ. ಮಾತ್ರ. ಎರಡು ಪೈಪ್ ಮಲಗಿಸಿ, ಅದರ ಮೇಲೆ ನೇರ ಪಟ್ಟಿ ಎಳೆದು ಹರಡಬೇಕು. ಹರಡಿದ ಮೇಲೆ ಯಾರೂ ತುಳಿಯಬಾರದು. ತಳದಲ್ಲಿ ತಗ್ಗಿದ್ದರೆ ಜಲ್ಲಿಯಲ್ಲೇ ಸರಿಮಾಡಬೇಕು, ಮರಳಿನಲ್ಲಿ ಮುಚ್ಚಿದರೆ ಆರು ತಿಂಗಳಲ್ಲಿ ಆ ತಗ್ಗು ಮತ್ತೆ ಮೇಲೆ ಬಂದು ಮುಖ ತೋರಿಸುತ್ತದೆ. ಮರಳಿನ ಬದಲು ಕಲ್ಲುಪುಡಿ ಹಾಕುವವರಿದ್ದಾರೆ. ತೀರಾ ನುಣುಪು ಪುಡಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ಬೇಡ.

ಅಂಚಿನ ಬ್ಲಾಕ್ ಸರಿದಿದ್ದಕ್ಕೆ ಕಾರಣ ಬೇರೆ. ಅಂಚಿಗೆ ಆಸರೆ ಇಲ್ಲ. ಈ ತಪ್ಪನ್ನು ನಾನೂ ಮಾಡಿದ್ದೇನೆ, ಅದೂ ನನ್ನದೇ ಮನೆಯಲ್ಲಿ. ಕೆಲಸ ಕಲಿತ ಹೊಸದರಲ್ಲಿ ಹಿತ್ತಲಿಗೊಂದು ದಾರಿ ಹಾಕಿದೆ. ತಳ ಚೆನ್ನಾಗಿ ಮಾಡಿದ್ದೆ, ಅಂಚಿಗೆ ಹುಲ್ಲು ಬೆಳೆದು ಹಿಡಿದುಕೊಳ್ಳುತ್ತದೆ ಎಂದುಕೊಂಡೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ದಾರಿ ನಾಲ್ಕು ಬೆರಳು ಅಗಲವಾಗಿತ್ತು. ಬ್ಲಾಕುಗಳು ಹಲ್ಲುಸಂದಿ ಬಿಟ್ಟ ಹಾಗೆ ನಿಂತಿದ್ದವು. ಬ್ಲಾಕುಗಳು ಒಂದನ್ನೊಂದು ಒತ್ತಿಕೊಂಡು ನಿಲ್ಲುತ್ತವೆ, ಆ ಒತ್ತಡ ಎಲ್ಲಾದರೂ ಹೋಗಿ ನಿಲ್ಲಲೇಬೇಕು. ಅದಕ್ಕೇ ಸುತ್ತಲೂ ಕಾಂಕ್ರೀಟಿನಲ್ಲಿ ಕೂರಿಸಿದ ಕರ್ಬ್, ಅಂದರೆ ಅಂಚುಗಲ್ಲು ಬೇಕು. ಕೊನೆಯ ಸಾಲಿನ ಬದಿಗೆ ಸುಮ್ನೆ ಒಂದಿಷ್ಟು ಸಿಮೆಂಟ್ ಗಾರೆ ಮೆತ್ತುವುದು ಆಸರೆ ಆಗುವುದಿಲ್ಲ, ಮೊದಲ ಚಕ್ರಕ್ಕೇ ಉದುರುತ್ತದೆ.

ಜೋಡಣೆಯ ವಿನ್ಯಾಸ ಕೇವಲ ಅಂದಕ್ಕೆ ಎಂದು ಜನ ತಿಳಿದಿದ್ದಾರೆ. ಕಾರಿನ ಚಕ್ರ ನಿಂತಲ್ಲೇ ತಿರುಗುವಾಗ ನೆಲವನ್ನು ಹಿಂಡುತ್ತದೆ. ಉದ್ದನೆಯ ನೇರ ಸಂದಿ ಇದ್ದರೆ ಇಡೀ ಸಾಲು ಜಾರುತ್ತದೆ. ಹೆರಿಂಗ್‌ಬೋನ್, ಅಂದರೆ ಮೀನಿನ ಮುಳ್ಳಿನ ಹಾಗೆ ಅಡ್ಡ ಉದ್ದ ಹೆಣೆದ ಜೋಡಣೆಯಲ್ಲಿ ನೇರ ಸಂದಿಯೇ ಇರುವುದಿಲ್ಲ. ಕಾರಿನ ಜಾಗಕ್ಕೆ ನಾನು ಬೇರೆ ವಿನ್ಯಾಸ ಹೇಳುವುದೇ ಇಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ನೆದರ್‌ಲೆಂಡ್ಸ್‌ನಲ್ಲಿ ರಸ್ತೆಗೆ ಇಟ್ಟಿಗೆ ಸಾಲದೆ ಕಾಂಕ್ರೀಟ್ ಬ್ಲಾಕ್ ಹಾಕಲು ಶುರುಮಾಡಿದರು. ಇಟ್ಟಿಗೆ ರಸ್ತೆಗಳ ಈ ಹೆಣಿಗೆಯೇ ಬ್ಲಾಕಿಗೂ ಬಂತು.

ಕೊನೆಯದು ಸಂದಿಯ ಮರಳು. ಸಂದಿ 2ರಿಂದ 5 ಮಿ.ಮೀ. ಇರಬೇಕು, ಒಣಗಿದ ಸಣ್ಣ ಮರಳನ್ನು ಗುಡಿಸಿ ತುಂಬಿ, ಮೇಲೆ ಯಂತ್ರ ಓಡಿಸಿ, ಮತ್ತೆ ತುಂಬಬೇಕು. ಎರಡು ಮೂರು ಸಲ. ಒಂದು ಬ್ಲಾಕಿನ ಮೇಲೆ ಬಿದ್ದ ಭಾರ ಪಕ್ಕದ ಬ್ಲಾಕಿಗೆ ದಾಟುವುದು ಈ ಮರಳಿನ ಮೂಲಕವೇ. ಕೆಲಸ ಮುಗಿದು ಒಂದೆರಡು ತಿಂಗಳ ಮೇಲೆ ಮತ್ತೊಮ್ಮೆ ತುಂಬಿಸಿ.

ಮುಂದಿನ ಅಂಗಳ ಇಷ್ಟಕ್ಕೆ ಬಿಡೋಣ. ನನಗೆ ನಿಜಕ್ಕೂ ಚಿಂತೆ ಇರುವುದು ನಿಮ್ಮ ಹಿತ್ತಲಿನದು.

ನೆಲ ಮನೆಯ ಕಡೆಗೆ ಇಳಿದಿದೆ. ಈಗ ಅಲ್ಲಿ ಬರೀ ಮಣ್ಣಿದೆ, ಬಿದ್ದ ನೀರಿನಲ್ಲಿ ಒಂದಷ್ಟು ಇಂಗುತ್ತದೆ. ಅದರ ಮೇಲೆ ಕಲ್ಲು ಹಾಸಿದಿರಿ ಎಂದರೆ ಬಿದ್ದದ್ದೆಲ್ಲ ಓಡುತ್ತದೆ, ಗೋಡೆಯ ಬುಡಕ್ಕೇ. ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಎಂದರೆ 1 ಲೀಟರ್ ನೀರು. 40 ಚದರ ಮೀಟರ್ ಕಲ್ಲುಹಾಸಿನ ಮೇಲೆ 25 ಮಿ.ಮೀ. ಮಳೆ ಬಿದ್ದರೆ 1000 ಲೀಟರ್. ಒಂದು ಟ್ಯಾಂಕ್ ನೀರನ್ನು ಗೋಡೆಗೆ ಸುರಿದ ಹಾಗೆ. ಜೇಡಿಮಣ್ಣು ನೆಂದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಅಡಿಪಾಯದ ಬದಿಯಲ್ಲಿ ಈ ಆಟ ನಡೆಯುವುದು ಬೇಡ.

ಹಾಗಾಗಿ ಹಿತ್ತಲಿನ ನಕ್ಷೆ ಕೂರುವ ಜಾಗದಿಂದ ಶುರುವಾಗಬಾರದು, ನೀರಿನಿಂದ ಶುರುವಾಗಬೇಕು. ಗೋಡೆಯಿಂದ ಎರಡು ಮೂರು ಮೀಟರ್ ತನಕ ಮಣ್ಣು ತೆಗೆದು, ಇಳಿಜಾರನ್ನು ತಿರುಗಿಸಿ ಹೊರಗೆ ಹೋಗುವಂತೆ ಮಾಡಬೇಕು. ಆ ಕಡೆಯಿಂದ ಇಳಿದು ಬರುವ ನೀರೂ ಈ ಕಡೆಯ ನೀರೂ ನಡುವೆ ಒಂದು ಅಗಲವಾದ ಆಳವಿಲ್ಲದ ತಗ್ಗಿನಲ್ಲಿ ಸೇರಬೇಕು. ಆ ತಗ್ಗು ಮನೆಯ ಪಕ್ಕದಿಂದ ಸುತ್ತಿ ಹೊರಗೆ ಹೋಗಲಿ. ಅದರಲ್ಲಿ ಹುಲ್ಲು ಬೆಳೆಸಿದರೆ ಚರಂಡಿ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಜಾಗ ಸಾಲದಿದ್ದರೆ ಗೋಡೆಗೆ ಮುಂಚೆ ಜಾಲರಿ ಮುಚ್ಚಿದ ಕಾಲುವೆ ಹಾಕಿಸಬಹುದು. ಅದು ಎರಡನೇ ಆಯ್ಕೆ, ಯಾಕೆಂದರೆ ಎಲೆ ಕಟ್ಟಿಕೊಂಡ ದಿನ ಅದು ಇದ್ದೂ ಇಲ್ಲದ ಹಾಗೆ.

ಕಲ್ಲುಹಾಸಿಗೆ ವಾಟ 60ಕ್ಕೆ 1 ಇರಲಿ. ಮೂರು ಮೀಟರಿಗೆ 5 ಸೆಂ.ಮೀ. ಇಳಿತ. ಕೂತವರಿಗೆ ತಿಳಿಯುವುದಿಲ್ಲ, ನೀರಿಗೆ ತಿಳಿಯುತ್ತದೆ. ಒರಟು ಮೈಯ ಕಲ್ಲಾದರೆ ಇನ್ನೂ ಸ್ವಲ್ಪ ಜಾಸ್ತಿ ಕೊಡಿ. ಮುಗಿದ ನೆಲದ ಮಟ್ಟ ಗೋಡೆಯ ತೇವ ತಡೆಯುವ ಪದರಕ್ಕಿಂತ ಕನಿಷ್ಠ 15 ಸೆಂ.ಮೀ. ಕೆಳಗಿರಬೇಕು. ಹಳೆಯ ನೆಲದ ಮೇಲೆಯೇ ಹೊಸ ಕಲ್ಲು ಹಾಕುತ್ತೇವೆ, ಅಗೆಯುವ ಖರ್ಚು ಉಳಿಯುತ್ತದೆ ಎನ್ನುವವರ ಮಾತು ಕೇಳಿದರೆ ಈ ಅಂತರ ಹೋಗಿಬಿಡುತ್ತದೆ. ಗೋಡೆಯ ಒಳಮೈಯಲ್ಲಿ ಬಣ್ಣ ಏಳಲು ಶುರುವಾದಾಗ ಯಾರಿಗೂ ಅಂಗಳದ ನೆನಪಾಗುವುದಿಲ್ಲ.

ನೀರು ಇಂಗಿಸುವ ಗುಂಡಿ ಮಾಡಿಸಿ ಎಂದು ಯಾರಾದರೂ ಹೇಳಿದರೆ ಮೊದಲು ನಿಮ್ಮ ಮಣ್ಣನ್ನು ಕೇಳಿ. ಒಂದು ಅಡಿ ಆಳದ ಗುಂಡಿ ತೋಡಿ, ನೀರು ತುಂಬಿ, ಇಂಗಲು ಬಿಡಿ. ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯುತ್ತದೆ ಎಂದು ಕಡ್ಡಿ ಇಟ್ಟು ಅಳೆಯಿರಿ. ಗಂಟೆಗೆ ಒಂದು ಇಂಚು ಇಳಿದರೆ ಪರವಾಗಿಲ್ಲ. ರಾತ್ರಿಯಿಡೀ ಹಾಗೇ ನಿಂತಿದ್ದರೆ ಇಂಗುಗುಂಡಿ ಎಂಬುದು ಸುಮ್ನೆ ಒಂದು ನೀರಿನ ತೊಟ್ಟಿ ಆಗುತ್ತದೆ. ಹೇಗೂ ಮಾಡಿಸುವುದೇ ಆದರೆ ಗೋಡೆಯಿಂದ 5 ಮೀಟರ್ ದೂರ ಇರಲಿ.

ಇನ್ನು ಮರ. ಅದರ ನೆರಳಿನಲ್ಲೇ ಕಲ್ಲು ಹಾಸಿ ಕೂರಬೇಕು ಎಂಬ ಆಸೆ ನಿಮಗಿದೆ ಎಂದುಕೊಂಡಿದ್ದೇನೆ, ಎಲ್ಲರಿಗೂ ಇರುತ್ತದೆ. ಮರದ ಬೇರು ಆಳಕ್ಕೆ ಹೋಗುತ್ತದೆ ಎಂಬುದು ಅರ್ಧ ನಿಜ. ಅನ್ನ ನೀರು ಹೀರುವ ಬೇರುಗಳಲ್ಲಿ ಬಹುಪಾಲು ಮೇಲಿನ ಎರಡು ಅಡಿಯಲ್ಲೇ ಇರುತ್ತವೆ, ಕೊಂಬೆಗಳ ಅಂಚನ್ನೂ ದಾಟಿ ಹರಡಿರುತ್ತವೆ. ಕಲ್ಲುಹಾಸಿಗೆ ನೀವು ಅಗೆಯುವುದೂ ಆ ಪದರದಲ್ಲೇ. ಅಗೆದು ದಮ್ಮಸು ಹೊಡೆದರೆ ಕತ್ತರಿಸದ ಬೇರೂ ಗಾಳಿಯಿಲ್ಲದೆ ಸಾಯುತ್ತದೆ. ಮರ ತಕ್ಷಣ ಏನೂ ಹೇಳುವುದಿಲ್ಲ. ಮೂರು ನಾಲ್ಕು ವರ್ಷ ಕಳೆದು ತುದಿಯಿಂದ ಒಣಗಲು ಶುರುವಾಗುತ್ತದೆ, ಅಷ್ಟು ಹೊತ್ತಿಗೆ ಕಂಟ್ರಾಕ್ಟರ್ ಫೋನ್ ನಂಬರ್ ಕೂಡ ನಿಮ್ಮ ಹತ್ತಿರ ಇರುವುದಿಲ್ಲ. ಹಾಗೆಂದು ಮರವನ್ನೇ ತೆಗೆಸಬೇಡಿ. ಮಳೆ ನೀರನ್ನು ಜೇಡಿಮಣ್ಣಿನಿಂದ ಹೀರುತ್ತಿರುವುದು ಅದೇ. ದೊಡ್ಡ ಮರ ತೆಗೆದ ಮೇಲೆ ಮಣ್ಣು ನೀರು ಕುಡಿದು ಉಬ್ಬಿ, ಹತ್ತಿರದ ಗೋಡೆ ಬಿರುಕು ಬಿಡುವುದುಂಟು.

ನನ್ನ ಸಲಹೆ ಇದು. ಗಟ್ಟಿ ಕಲ್ಲುಹಾಸನ್ನು ಕೊಂಬೆಗಳ ಹರವಿನ ಹೊರಗೆ ಇಡಿ. ಮರದ ಕೆಳಗೆ ಅಗೆಯದೆ, ಮೇಲೆಯೇ ತೆಳ್ಳಗೆ ಸಣ್ಣ ಜಲ್ಲಿ ಹರಡಿ, ಹೆಜ್ಜೆಗೊಂದರಂತೆ ಬಿಡಿ ಕಲ್ಲು ಇಡಿ. ಒಂದು ಬೆಂಚ್ ಸಾಕು. ಕಾಂಡದ ಸುತ್ತ ಮಣ್ಣು ಏರಿಸಿ ಕಟ್ಟೆ ಕಟ್ಟುವುದಂತೂ ಬೇಡವೇ ಬೇಡ. ಹೂತುಹೋದ ಕಾಂಡದ ತೊಗಟೆ ಕೊಳೆಯುತ್ತದೆ.

ಕೂರುವ ಜಾಗದ ಅಳತೆಯನ್ನು ಕಾಗದದ ಮೇಲೆ ನಿರ್ಧರಿಸಬೇಡಿ. ನೀರಿನ ಪೈಪನ್ನು ನೆಲದ ಮೇಲೆ ಬಳಸಿ ಆಕಾರ ಮಾಡಿ, ಒಳಗೆ ಕುರ್ಚಿ ಹಾಕಿ ಒಂದು ವಾರ ಸಂಜೆ ಅಲ್ಲೇ ಕೂತು ನೋಡಿ. ನಾಲ್ಕು ಜನರ ಮೇಜಿಗೆ 3 ಮೀಟರ್ ಉದ್ದ 3 ಮೀಟರ್ ಅಗಲ ಕನಿಷ್ಠ ಬೇಕು. ಕುರ್ಚಿ ಹಿಂದಕ್ಕೆ ಎಳೆದು ಏಳಲು ಜಾಗ ಬೇಡವೇ? ಮುಖ್ಯ ದಾರಿ 1.2 ಮೀಟರ್ ಇದ್ದರೆ ಇಬ್ಬರು ಮಾತಾಡುತ್ತಾ ನಡೆಯಬಹುದು, ಒಬ್ಬರಿಗೆ 90 ಸೆಂ.ಮೀ. ಸಾಕು. ಗಿಡಗಳು ಬೆಳೆದು ದಾರಿಯ ಮೇಲೆ ಬಾಗುತ್ತವೆ ಎಂಬುದನ್ನು ಮರೆಯಬೇಡಿ.

ಇಳಿಜಾರಿನಲ್ಲಿ ಮೆಟ್ಟಿಲು ಬರಬಹುದು. 17ನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲಾಂಡೆಲ್ ಕೊಟ್ಟ ಲೆಕ್ಕ ಇವತ್ತಿಗೂ ನಡೆಯುತ್ತದೆ. ಎತ್ತರದ ಎರಡರಷ್ಟಕ್ಕೆ ಅಗಲ ಕೂಡಿದರೆ ಒಂದು ಹೆಜ್ಜೆಯಷ್ಟಾಗಬೇಕು, ಅಂದರೆ ಸುಮಾರು 65 ಸೆಂ.ಮೀ. ಎತ್ತರ 15 ಇದ್ದರೆ ಅಗಲ 35. ಎತ್ತರ 12 ಇದ್ದರೆ ಅಗಲ 40. ತೋಟದಲ್ಲಿ ಎರಡನೆಯದೇ ಹಿತ, ಅಲ್ಲಿ ಯಾರಿಗೂ ಅವಸರ ಇರುವುದಿಲ್ಲ.

ಕಲ್ಲು ಯಾವುದು ಎಂದು ನೀವು ಕೇಳಿಲ್ಲ, ಆದರೆ ಕಂಟ್ರಾಕ್ಟರ್ ಕೇಳುತ್ತಾರೆ. ಹೊಳಪು ಕೊಟ್ಟ ಯಾವ ಕಲ್ಲೂ ಹೊರಗೆ ಬೇಡ. ಒದ್ದೆಯಾದಾಗ ಜಾರುತ್ತದೆ. ಕಡು ಬಣ್ಣದ ಕಲ್ಲು ಬಿಸಿಲಿಗೆ ಕಾದು ಬರಿಗಾಲಿಗೆ ಸುಡುತ್ತದೆ. ಸುಣ್ಣದಕಲ್ಲು ಚಂದ, ಆದರೆ ಆಮ್ಲ ತಾಗಿದರೆ ಕರಗುತ್ತದೆ, ಲಿಂಬೆರಸದ ಕಲೆಯೂ ಹೋಗುವುದಿಲ್ಲ. ದೊಡ್ಡ ಚಪ್ಪಡಿಗಳನ್ನು ಗಾರೆಯಲ್ಲಿ ಕೂರಿಸುವುದಾದರೆ ಅಡಿಯೆಲ್ಲ ಗಾರೆ ತುಂಬಿರಬೇಕು. ನಾಲ್ಕು ಮೂಲೆಗೊಂದು ನಡುವೆಗೊಂದು ಉಂಡೆ ಇಟ್ಟು ಚಪ್ಪಡಿ ಒತ್ತುವವರು ಬೇಕಾದಷ್ಟಿದ್ದಾರೆ. ಟೊಳ್ಳಿನಲ್ಲಿ ನೀರು, ಇರುವೆ ಸೇರಿ ಚಪ್ಪಡಿ ಒಂದು ದಿನ ಅಲುಗಾಡುತ್ತದೆ. ಮಾರನೇ ದಿನ ಕೋಲಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದಿನಲ್ಲೇ ಸಿಕ್ಕಿಬೀಳುತ್ತದೆ. ಹೊಸ ಕಾಂಕ್ರೀಟ್ ಬ್ಲಾಕಿನ ಮೇಲೆ ಬಿಳಿ ಪುಡಿ ಕಂಡರೆ ಗಾಬರಿ ಬೇಡ. ಸಿಮೆಂಟಿನೊಳಗಿನ ಸುಣ್ಣ ನೀರಿನ ಜೊತೆ ಮೇಲೆ ಬಂದು ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಹಾಗಾಗುತ್ತದೆ. ಗುಡಿಸುತ್ತಾ ಇರಿ, ಮಳೆಗೆ ತಾನೇ ಹೋಗುತ್ತದೆ. ಆಸಿಡ್ ಹಾಕಿ ತೊಳೆದರೆ ಬ್ಲಾಕಿನ ಬಣ್ಣವೂ ಹೋಗುತ್ತದೆ.

ಗಿಡ ಮತ್ತು ಹುಲ್ಲಿನ ವಿಷಯದಲ್ಲಿ ಕ್ರಮ ತಪ್ಪುವುದೇ ದೊಡ್ಡ ತಪ್ಪು. ಮೊದಲು ಮೇಲಿನ ಆರೇಳು ಇಂಚು ಕಪ್ಪು ಮಣ್ಣನ್ನು ಬೇರೆಯಾಗಿ ತೆಗೆದಿಡಿ. ಅದು ಕೆಳಗಿನ ಜೇಡಿಯ ಜೊತೆ ಕಲೆಯಬಾರದು. ಆಮೇಲೆ ಮಣ್ಣಿನ ಮಟ್ಟ, ಚರಂಡಿ, ನೀರಿನ ಪೈಪ್, ದೀಪದ ವೈರ್. ಆಮೇಲೆ ಕಲ್ಲು. ಕೊನೆಗೆ ಮಣ್ಣು ವಾಪಸ್, ಗಿಡ, ಹುಲ್ಲು. ಕಲ್ಲು ಹಾಸುವ ಮೊದಲು ಕಾರಿನ ಜಾಗದ ಅಡಿಯಲ್ಲಿ ನಾಲ್ಕು ಇಂಚಿನ ಖಾಲಿ ಪೈಪ್ ಒಂದನ್ನು ಅಡ್ಡಕ್ಕೆ ಹೂಳಿಸಿ, ಎರಡೂ ತುದಿ ಮುಚ್ಚಿಡಿ. ಎಲ್ಲಿದೆ ಎಂದು ಫೋಟೋ ತೆಗೆದಿಟ್ಟುಕೊಳ್ಳಿ. ಐದು ವರ್ಷದ ಮೇಲೆ ಗೇಟಿಗೆ ವೈರ್ ಬೇಕೆಂದಾಗ ನನ್ನನ್ನು ನೆನೆಸಿಕೊಳ್ಳುತ್ತೀರಿ.

ಯಂತ್ರ, ಲಾರಿ ಓಡಾಡಿದ ಮಣ್ಣು ಇಟ್ಟಿಗೆಯಂತಾಗಿರುತ್ತದೆ. ಅದರ ಮೇಲೆ ಎರಡು ಇಂಚು ಕೆಂಪು ಮಣ್ಣು ಹರಡಿ ಹುಲ್ಲು ಹಾಸುವುದು ಸಾಮಾನ್ಯ ಮೋಸ. ಒಂದು ತಿಂಗಳು ಹಸಿರು, ಆಮೇಲೆ ಹಳದಿ. ಮೊದಲು ಅಗೆದು ಸಡಿಲ ಮಾಡಿಸಿ. ಹುಲ್ಲಿಗೆ ನಾಲ್ಕರಿಂದ ಆರು ಇಂಚು ಒಳ್ಳೆಯ ಮಣ್ಣು ಬೇಕು, ಪೊದೆ ಗಿಡಗಳಿಗೆ ಒಂದೂವರೆ ಅಡಿ. ಗಿಡದ ಗುಂಡಿ ಬೇರಿನ ಗಡ್ಡೆಯ ಎರಡು ಮೂರು ಪಟ್ಟು ಅಗಲ ಇರಲಿ, ಆಳ ಮಾತ್ರ ಗಡ್ಡೆಯಷ್ಟೇ. ಮೇಲೆ ಎರಡು ಮೂರು ಇಂಚು ಒಣ ಎಲೆ ಅಥವಾ ಮರದ ಚೂರಿನ ಹೊದಿಕೆ ಹಾಕಿ, ಕಾಂಡಕ್ಕೆ ತಾಗಿಸಬೇಡಿ. ಗಿಡಗಳ ನಡುವೆ ಅಂತರವನ್ನು ಅವು ಬೆಳೆದು ನಿಂತ ಗಾತ್ರ ನೋಡಿ ಬಿಡಿ. ಮೊದಲ ವರ್ಷ ಬೋಳು ಬೋಳಾಗಿ ಕಾಣುತ್ತದೆ, ಕಾಣಲಿ. ಹಸ್ತಾಂತರದ ದಿನ ತುಂಬಿ ತುಳುಕುವ ತೋಟ ಎರಡು ವರ್ಷಕ್ಕೆ ಕಾಡಾಗುತ್ತದೆ.

ನೀವೇ ಏನು ಮಾಡಬಹುದು? ಹಳೆಯ ಬ್ಲಾಕ್ ಎಬ್ಬಿಸಿ, ಕೆರೆದು, ಜೋಡಿಸಿಡುವುದು ನಿಮ್ಮ ಕೈಯಲ್ಲಾಗುವ ಕೆಲಸ. ಕೂಲಿ ಚೆನ್ನಾಗಿ ಉಳಿಯುತ್ತದೆ. ಮರದ ಕೆಳಗಿನ ಜಲ್ಲಿ, ಬಿಡಿ ಕಲ್ಲು, ಗಿಡ ನೆಡುವುದು, ಸಂದಿಗೆ ಮರಳು ತುಂಬುವುದು ಎಲ್ಲ ಮನೆಯವರೇ ಮಾಡಬಹುದು. ಕಾರಿನ ಜಾಗದ ತಳ, ನೀರಿನ ಮಟ್ಟ, ಮಣ್ಣು ತಡೆಯುವ ಗೋಡೆ ಈ ಮೂರನ್ನು ಕೆಲಸ ಗೊತ್ತಿದ್ದವರಿಗೇ ಬಿಡಿ. ಗುದ್ದಲಿ ಹಾಕುವ ಮುಂಚೆ ನೀರು, ಒಳಚರಂಡಿ, ವಿದ್ಯುತ್ ಲೈನ್ ಎಲ್ಲಿ ಹೋಗಿದೆ ಎಂದು ಪತ್ತೆ ಮಾಡಿಕೊಳ್ಳಿ.

ಈಗ ಆ ಎರಡು ಕೊಟೇಶನ್. ಕಡಿಮೆ ದರದವರನ್ನು ತಳ್ಳಿಹಾಕಬೇಡಿ. ಇಬ್ಬರಿಗೂ ಒಂದೇ ಕಾಗದ ಕೊಡಿ. ಎಷ್ಟು ಆಳ ಅಗೆಯಬೇಕು, ಮಣ್ಣು ಯಾರು ಸಾಗಿಸಬೇಕು, ದಮ್ಮಸು ಹೊಡೆದ ಮೇಲೆ ಜಲ್ಲಿ ಎಷ್ಟು ದಪ್ಪ, ಎಷ್ಟು ಪದರ, ಜಿಯೋಟೆಕ್ಸ್‌ಟೈಲ್, ಕರ್ಬ್, ವಾಟ ಯಾವ ಕಡೆ ಎಷ್ಟು, ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ. ಇದಕ್ಕೆ ದರ ಬರೆದು ಕೊಡಿ ಎನ್ನಿ. ಅಗ್ಗದವರ ದರ ಏರುತ್ತದೆ, ದುಬಾರಿಯವರದ್ದು ಕೆಲವೊಮ್ಮೆ ಇಳಿಯುತ್ತದೆ. ದುಬಾರಿ ಕೊಟೇಶನ್‌ನಲ್ಲೂ ತಳ ಇಲ್ಲದಿರುವುದನ್ನು ನಾನು ನೋಡಿದ್ದೇನೆ. ಒಂದೇ ಕೆಲಸಕ್ಕೆ ದರ ಹೋಲಿಸಿದ ಮೇಲೂ ಅವರೇ ಕಡಿಮೆ ಇದ್ದರೆ ಧೈರ್ಯವಾಗಿ ಅವರಿಗೇ ಕೊಡಿ. ಇಬ್ಬರದ್ದೂ ಮೂರು ವರ್ಷ ಹಳೆಯ ಕೆಲಸ ತೋರಿಸಲು ಹೇಳಿ, ಸಾಧ್ಯವಾದರೆ ಮಳೆ ನಿಂತ ಅರ್ಧ ಗಂಟೆಗೆ ಹೋಗಿ ನೋಡಿ.

ಹಣವನ್ನು ಕಂತಿನಲ್ಲಿ ಕೊಡುವಾಗ ಒಂದು ಕಂತು ತಳಕ್ಕೆ ಕಟ್ಟಿಡಿ. ಜಲ್ಲಿ ಗಟ್ಟಿಯಾಗಿ ಕೂತ ಮೇಲೆ, ಮರಳು ಬೀಳುವ ಮುಂಚೆ, ನೀವು ನೋಡಿ ಒಪ್ಪಬೇಕು. ಆ ದಿನ ರಜೆ ಹಾಕಿ ಮನೆಯಲ್ಲಿರಿ. ಹಿಮ್ಮಡಿ ಊರಿ ತಿರುಗಿಸಿ, ಗುರುತು ಬೀಳಬಾರದು. ಎರಡು ಕಡೆ ಹಾರೆಯಿಂದ ಕಿತ್ತು ದಪ್ಪ ಅಳೆಯಿರಿ, ಕಿತ್ತದ್ದನ್ನು ಮತ್ತೆ ದಮ್ಮಸು ಹೊಡೆಸಿ. ಮೇಸ್ತ್ರಿ ಮುಖ ಗಂಟಿಕ್ಕಬಹುದು, ಪರವಾಗಿಲ್ಲ. ಕೊನೆಯ ಕಂತು ಕೊಡುವ ಮುಂಚೆ ಹತ್ತು ಬಕೆಟ್ ನೀರು ಸುರಿದು, ಅದು ಎಲ್ಲಿ ನಿಲ್ಲುತ್ತದೆ ಎಂದು ಅವರ ಜೊತೆಯಲ್ಲೇ ನಿಂತು ನೋಡಿ.